ಅಡಕೊತ್ತಿನೊಳಗಿನ ಅಡಕೆ

ಪುಣೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯದಲ್ಲಿ ಸಿಂಹಾಸನ, ಕಿರೀಟಗಳನ್ನು ಅರಸುವವರಿಗೆ ನಿರಾಸೆಯಾದೀತು. ಅಲ್ಲಿರುವುದು ಬಹುಮಟ್ಟಿಗೆ ಮನೆಯ ಸಾಮಾನು: ದೀಪಗಳು, ದೌತಿಗಳು, ಬೀಗಗಳು, ಕೆತ್ತನೆಯ ಬಾಗಿಲುಗಳು. ಕೇಳಕರರು (1896–1990) ‘ಅಜ್ಞಾತವಾಸಿ’ ಎಂಬ ಹೆಸರಿನಲ್ಲಿ ಮರಾಠಿ ಕವಿತೆ ಬರೆಯುತ್ತಿದ್ದರು; ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿ. ಊರೂರು ತಿರುಗಿ ಕೂಡಿಸಿದ ಈ ಸಂಗ್ರಹಕ್ಕೆ ಎಳವೆಯಲ್ಲೇ ತೀರಿಕೊಂಡ ಮಗ ರಾಜಾನ ಹೆಸರಿಟ್ಟರು.

ಕಳೆದ ಡಿಸೆಂಬರಿನ ಶನಿವಾರ ಸೊಲ್ಲಾಪುರದಿಂದ ಬೆಳಗಿನ ಹುತಾತ್ಮ ಎಕ್ಸ್‌ಪ್ರೆಸ್ ಹಿಡಿದು ಮಗಳೊಡನೆ ಪುಣೆಗೆ ಹೋಗಿದ್ದೆ. ಅಲ್ಲಿ ನೆಲೆಸಿರುವ ಅಣ್ಣ ನಿಲ್ದಾಣದಲ್ಲೇ ವಿಷಯ ತೆಗೆದ. “ನಾಲ್ಕನೇತ್ತೆ ಮುಗೀತಲ್ಲ ತಂಗಿ, ಇನ್ನಾದರೂ ಸಾಲಿ ಬದಲಿಸು. ಕನ್ನಡ ಕಲಿತು ಇಲ್ಲಿ ಏನು ಮಾಡ್ತಾಳ?” ಅವನ ಕಳಕಳಿ ಸುಳ್ಳಲ್ಲ. ನಾನೂ ಅವನೂ ಓದಿದ ಶಾಲೆಯಲ್ಲಿ ಈಗ ಪ್ರತಿ ಜೂನಿನಲ್ಲಿಯೂ ಮಕ್ಕಳ ತಲೆ ಎಣಿಸುವ ಪರಿಸ್ಥಿತಿ. ನಾನು ಉತ್ತರಿಸಲಿಲ್ಲ.

ಸಂಗ್ರಹಾಲಯದ ಗಾಜಿನ ಕಪಾಟೊಂದರಲ್ಲಿ ಅಡಕೊತ್ತುಗಳ ಸಾಲು. ಮಗಳು ಮೂಗು ತಾಗಿಸಿ ನಿಂತಳು. “ಅವ್ವಾ, ನಮ್ಮ ಆಯಿ ಅಡಕೊತ್ತು!” ಪಕ್ಕದಲ್ಲಿದ್ದ ಮರಾಠಿ ಹುಡುಗ ತಿದ್ದಿದ: ಅದು ಅಡಕಿತ್ತಾ. ಅವಳು ತುಸು ಯೋಚಿಸಿ ನನ್ನನ್ನು ಕೇಳಿದಳು: “ಮರಾಠಿಯಲ್ಲಿ ಅಡಕೆಗೆ ಸುಪಾರಿ ಅಂತಾರ. ಹಂಗಾದ್ರ ಅಡಕಿತ್ತಾದೊಳಗ ಅಡಕೆ ಹೆಂಗ ಬಂತು?” ಪಂಡಿತರು ನಿಘಂಟಿನಲ್ಲಿ ಬರೆದಿಟ್ಟ ವಿಚಾರವದು, ಮರಾಠಿಯ ಆ ಪದ ಕನ್ನಡದಿಂದ ಹೋದದ್ದು. ಎರಡೂ ಭಾಷೆಯನ್ನು ಬಲ್ಲ ಮಗುವಿಗಷ್ಟೇ ಹೊಳೆಯಬಹುದಾದ ಪ್ರಶ್ನೆ. ಅಣ್ಣ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಅಡಕೊತ್ತುಗಳನ್ನು ನೋಡಿದ.

ಸಂಜೆ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ. ಕುಂದಗೋಳದ ರಾಮಭಾವು ಮರಾಠಿ ರಂಗಭೂಮಿಯಲ್ಲಿ ಹಾಡಿ ಸವಾಯಿ ಗಂಧರ್ವರಾದರು. 1952ರಲ್ಲಿ ಅವರು ತೀರಿಕೊಂಡ ಮರುವರ್ಷ ಗದಗ ಸೀಮೆಯ ಶಿಷ್ಯ ಭೀಮಸೇನ ಜೋಶಿಯವರು ಈ ಉತ್ಸವಕ್ಕೆ ಮುಂದಾದರು. ಜಮಖಾನೆಯ ಮೇಲೆ ಕುಳಿತ ಸಾವಿರಾರು ಜನ ತಂಬೂರಿ ಶ್ರುತಿಗೂಡುವವರೆಗೂ ಗದ್ದಲ ಮಾಡುತ್ತಿದ್ದರು, (ಡಬ್ಬಿಯ ಮುಚ್ಚಳ ತೆರೆಯುವವರ ಸಂಖ್ಯೆಯೇನೂ ಕಡಿಮೆಯಿರಲಿಲ್ಲ), ಷಡ್ಜ ನಿಂತೊಡನೆ ಸುಮ್ಮನಾದರು. ಮಿರಜಿನಲ್ಲಿ ತಯಾರಾಗುವ ತಂಬೂರಿಗಳ ಬುರುಡೆಗೆ ನಮ್ಮ ಜಿಲ್ಲೆಯ ಪಂಢರಪುರದ ಸುತ್ತ ಬೆಳೆಯುವ ದಪ್ಪ ಸೋರೆಯೇ ಬೇಕು. ಅದನ್ನು ಮಗಳಿಗೆ ಹೇಳಿದೆ. ವಿಲಂಬಿತ ಮುಗಿಯುವ ಮೊದಲೇ ಅವಳು ನನ್ನ ತೊಡೆಯ ಮೇಲೆ ನಿದ್ದೆಹೋದಳು; ಅಣ್ಣ ಮಾತ್ರ ಕೊನೆಯವರೆಗೂ ತಾಳ ಹಾಕುತ್ತಿದ್ದ.

ಭಾನುವಾರ ಅತ್ತಿಗೆ ಹಳೆಯ ಸೀರೆಗಳ ಗಂಟು ಬಿಚ್ಚಿದರು. ಆಯಿ ಕಲಿಸಿದಂತೆ ಪದರದ ಮೇಲೆ ಪದರ ಹಾಸಿ, ಅಂಚಿನಿಂದ ಒಳಕ್ಕೆ ಸಣ್ಣ ಹೊಲಿಗೆ ಹಾಕುತ್ತ ಮಗಳು ಕೌದಿ ಹಿಡಿದು ಕುಳಿತಳು. ನೆರೆಯ ಮಕ್ಕಳು ಅದನ್ನು ಗೋಧಡಿ ಎಂದರು. ಅವಳು ಎರಡು ಹೆಸರನ್ನೂ ಒಪ್ಪಿಕೊಂಡು ಎಲ್ಲರಿಗೂ ಸೂಜಿ ಹಂಚಿದಳು. ಮಧ್ಯಾಹ್ನದವರೆಗೆ ಬೆರಳಗಲದ ಮೂರು ಸಾಲು ಹೊಲಿದಾಗಿತ್ತು.

ಹೊರಡುವಾಗ ಅಣ್ಣ ಮತ್ತೆ ಶಾಲೆಯ ಮಾತೆತ್ತಿದ. ಈ ಸಲ ಐದನೆಯ ತರಗತಿಯಲ್ಲಿ ಮಕ್ಕಳೆಷ್ಟು, ಗಣಿತಕ್ಕೆ ಶಿಕ್ಷಕರಿದ್ದಾರೆಯೇ ಎಂದು ಕೇಳಿದ. ಮಕ್ಕಳು ಹನ್ನೊಂದು, ಶಿಕ್ಷಕರೊಬ್ಬರು ಇದ್ದಾರೆ ಎಂದೆ. ಅವನು ಮಗಳ ಅರೆಹೊಲಿದ ಕೌದಿಯನ್ನು ಮಡಚಿ ಚೀಲದೊಳಗಿಟ್ಟ.