ಪೂರಕ ಪೆಟ್ಟಿಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಗೃಹಸ್ಥನಿಗೆ ಎರಡು ಪರೀಕ್ಷೆಗಳನ್ನು ಇಟ್ಟರು. ಮನೆ ಕಟ್ಟುವ ಆಟಿಕೆಯನ್ನು ಕೊಂಡು ನೋಡು ಎಂಬ ಮೂರನೆಯದನ್ನು ಅವರು ಸೇರಿಸದೆ ಹೋದದ್ದಕ್ಕೆ, ಆ ಕಾಲದಲ್ಲಿ ಅಂಥ ಆಟಿಕೆಗಳು ಇರಲಿಲ್ಲವೆಂಬುದಲ್ಲದೆ ಬೇರೆ ಕಾರಣ ತೋರುವುದಿಲ್ಲ. ಬಸವನಗುಡಿಯ ರಾಯರು ಮೊದಲ ಎರಡು ಪರೀಕ್ಷೆಗಳಲ್ಲಿ ಸಾಲಸೋಲ ಮಾಡಿಯಾದರೂ ತೇರ್ಗಡೆಯಾದವರು. ಅವರು ಆರು ತಿಂಗಳು ಎಡವಿದ್ದು ಮೂರನೆಯದರಲ್ಲಿ.

ಅವರ ಒಂಬತ್ತು ವರ್ಷದ ಮಗ ದಿನವೂ ಶಾಲೆಯ ವಾಹನದ ಕಿಟಕಿಯಿಂದ ಮೆಟ್ರೋ ಕಾಮಗಾರಿಯ ಕ್ರೇನನ್ನು ನೋಡುತ್ತಿದ್ದ. ಅಷ್ಟು ಎತ್ತರದಿಂದ ಅಷ್ಟು ಭಾರವನ್ನು ಅಷ್ಟು ಮೆಲ್ಲಗೆ ಇಳಿಸುವ ಯಂತ್ರ ಅವನ ಮನಸ್ಸನ್ನು ಸೂರೆಗೊಂಡಿತ್ತು. ಜೂನ್ ತಿಂಗಳ ಹುಟ್ಟುಹಬ್ಬಕ್ಕೆ ಏನು ಬೇಕೆಂದು ಕೇಳಿದಾಗ, ತುಂಡುಗಳನ್ನು ಜೋಡಿಸಿ ಕ್ರೇನು ಕಟ್ಟುವ ಪೆಟ್ಟಿಗೆ ಬೇಕೆಂದ. ರಾಯರು ಒಪ್ಪಿದರು. ಒಪ್ಪುವುದು ಎಷ್ಟು ಸುಲಭವೋ ಕೊಳ್ಳುವುದು ಅಷ್ಟು ಸುಲಭವಲ್ಲವೆಂಬುದು ಮರುದಿನದಿಂದ ತಿಳಿಯತೊಡಗಿತು.

ಜಯನಗರದ ಆಟಿಕೆ ಮಳಿಗೆಯಲ್ಲಿ 620 ತುಂಡುಗಳ ಆಮದು ಪೆಟ್ಟಿಗೆಯ ಮೇಲೆ 5,999 ರೂಪಾಯಿ ಎಂದು ಮುದ್ರಿತವಾಗಿತ್ತು. ನೂರಕ್ಕೆ 10ರ ರಿಯಾಯಿತಿ ಕಳೆದು 5,399. ಜಾಲದ ಅಂಗಡಿಯೊಂದರಲ್ಲಿ ಅದೇ ಪೆಟ್ಟಿಗೆಗೆ ನೂರಕ್ಕೆ 15ರ ರಿಯಾಯಿತಿ. ಅದರ ಮೇಲೆ ಇಂಥದೇ ಬ್ಯಾಂಕಿನ ಕಾರ್ಡು ಇದ್ದರೆ ಇನ್ನೂ 400 ರೂಪಾಯಿ ಇಳಿತ. ಆ ಬ್ಯಾಂಕು ಒಂದನ್ನು ಬಿಟ್ಟು ಊರಿನ ಉಳಿದೆಲ್ಲ ಬ್ಯಾಂಕುಗಳಲ್ಲಿಯೂ ರಾಯರಿಗೆ ಖಾತೆ ಇದ್ದಂತೆ ತೋರಿತು. ಇನ್ನೊಂದೆಡೆ ಎರಡು ಕೊಂಡರೆ ಮೂರನೆಯದು ಉಚಿತ. ಆದರೆ ಉಚಿತವಾಗುವುದು ಮೂರರಲ್ಲಿ ಅತ್ಯಂತ ಅಗ್ಗದ್ದು ಎಂಬ ಮಾತು ಇರುವೆಯ ಅಕ್ಷರಗಳಲ್ಲಿ ಅಡಿಯಲ್ಲಿ ಅಡಗಿತ್ತು. ಮನೆಯಲ್ಲಿ ಒಬ್ಬನೇ ಮಗನಿರುವಾಗ ಮೂರು ಕ್ರೇನುಗಳೇಕೆ ಎಂದು ಅವರ ಮಡದಿ ಕೇಳಿದ್ದಕ್ಕೆ ಉತ್ತರವಿರಲಿಲ್ಲ.

ಆದರೂ ರಾಯರನ್ನು ಮೂಢರೆಂದು ತಿಳಿಯಬಾರದು. ಅವರ ಕೆಲವು ನಿಯಮಗಳು ಯಾವ ಗೃಹಸ್ಥನಿಗೂ ಉಪಯುಕ್ತವಾದವು. ರಿಯಾಯಿತಿಯ ಶೇಕಡಾವಾರನ್ನು ನೋಡದೆ ಕೊನೆಯಲ್ಲಿ ಕೈಬಿಡುವ ಹಣವನ್ನು ಮಾತ್ರ ನೋಡುವುದು ಮೊದಲನೆಯದು. ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುವುದರಿಂದ, ಅದರ ಮೇಲೆ ತೆರಿಗೆ ಕೇಳುವವನಿಗೆ ನಮಸ್ಕರಿಸಿ ಹೊರಬರುವುದು ಎರಡನೆಯದು. ಹದಿನಾಲ್ಕು ವರ್ಷದೊಳಗಿನವರ ಆಟಿಕೆಗಳಿಗೆ 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯವಾಗಿರುವುದರಿಂದ, ಆ ಗುರುತಿಲ್ಲದ ಪೆಟ್ಟಿಗೆಯನ್ನು ಎಷ್ಟೇ ಅಗ್ಗವಾದರೂ ಮುಟ್ಟದಿರುವುದು ಮೂರನೆಯದು. ಸಾಗಾಣಿಕೆಯ ವೆಚ್ಚ ಉಳಿಸಲೆಂದು ಬೇಡದ ಇನ್ನೊಂದು ವಸ್ತುವನ್ನು ಕೊಳ್ಳದಿರುವುದು ನಾಲ್ಕನೆಯದು. ಈ ನಾಲ್ಕನ್ನು ಪಾಲಿಸಿ ಅವರು ಒಂದೇ ವಾರದಲ್ಲಿ ಪೆಟ್ಟಿಗೆ ಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆದರೆ ಲೆಕ್ಕವೆಂಬುದು ಒಮ್ಮೆ ಹತ್ತಿದರೆ ಬಿಡದ ನಶೆ. ಗಾಂಧಿಬಜಾರಿನ ಅಂಗಡಿಯೊಂದರಲ್ಲಿ ಅದೇ ಅಳತೆಯ ಬೇರೆ ತಯಾರಿಕೆಯ ಪೆಟ್ಟಿಗೆ ದೊರೆಯುತ್ತಿತ್ತು. 900 ತುಂಡುಗಳು, 2,499 ರೂಪಾಯಿ. ರಾಯರು ಭಾಗಿಸಿ ನೋಡಿದರು. ಅಲ್ಲಿ ತುಂಡೊಂದಕ್ಕೆ 8 ರೂಪಾಯಿ 71 ಪೈಸೆ. ಇಲ್ಲಿ 2 ರೂಪಾಯಿ 78 ಪೈಸೆ. ಗೆದ್ದೆನೆಂದುಕೊಳ್ಳುವಷ್ಟರಲ್ಲಿ, ತೊಗರಿಬೇಳೆಯಷ್ಟು ಗಾತ್ರದ ಗುಬುಟೂ ಒಂದು ತುಂಡೇ, ಅಂಗೈಯಗಲದ ಹಲಗೆಯೂ ಒಂದು ತುಂಡೇ ಎಂಬುದು ಹೊಳೆಯಿತು. ಹಾಗಾದರೆ ತೂಕವೇ ಸರಿಯಾದ ಮಾನವೆಂದು, ಎರಡು ಪೆಟ್ಟಿಗೆಗಳನ್ನೂ ತೂಗಿ ತೋರಿಸಲು ಸಾಧ್ಯವೇ ಎಂದು ಅಂಗಡಿಯಾತನನ್ನು ಕೇಳಿದರು. ಆತ ಸಭ್ಯ. ಬೆಳ್ಳಿ ಅಂಗಡಿ ಎದುರುಗಡೆ ಇದೆ ಎಂದಷ್ಟೇ ಹೇಳಿದ.

ಬೆಲೆಯ ಮೂಲವನ್ನು ಶೋಧಿಸುತ್ತ ಹೋದ ರಾಯರು ಸೆಪ್ಟೆಂಬರಿನ ವೇಳೆಗೆ ಪಂಡಿತರೇ ಆದರು. ಡೆನ್ಮಾರ್ಕಿನ ಬಿಲುಂಡ್ ಎಂಬ ಪುಟ್ಟ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ತಿಯಾನ್‌ಸನ್ 1932ರಲ್ಲಿ ಮರದ ಆಟಿಕೆಗಳನ್ನು ಮಾಡತೊಡಗಿದ್ದು, ‘ಚೆನ್ನಾಗಿ ಆಡು’ ಎಂಬರ್ಥದ ಎರಡು ಡ್ಯಾನಿಷ್ ಪದಗಳಿಂದ ಲೆಗೋ ಎಂಬ ಹೆಸರು ಹುಟ್ಟಿದ್ದು, ಆತನ ಮಗ ಗಾಟ್‌ಫ್ರೆಡ್ 1958ರ ಜನವರಿ 28ರಂದು ಒಂದನ್ನೊಂದು ಬಿಗಿಯಾಗಿ ಕಚ್ಚುವ ಇಟ್ಟಿಗೆಗೆ ಪೇಟೆಂಟು ಕೋರಿದ್ದು, ಆ ವರ್ಷದ ಇಟ್ಟಿಗೆ ಇಂದಿನ ಇಟ್ಟಿಗೆಗೂ ಹೊಂದುವುದು, ಇವೆಲ್ಲ ಅವರ ನಾಲಗೆಯ ತುದಿಯಲ್ಲಿದ್ದವು. ಪೇಟೆಂಟಿನ ಅವಧಿ ಮುಗಿದ ಮೇಲೆ ಆ ಗುಬುಟುಗಳ ಆಕಾರವನ್ನು ವ್ಯಾಪಾರಮುದ್ರೆಯ ಹೆಸರಿನಲ್ಲಿ ಕಾದಿಟ್ಟುಕೊಳ್ಳಲಾಗದೆಂದು ಕೆನಡದ ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ತೀರ್ಪಿತ್ತಿತು. ಗಾಂಧಿಬಜಾರಿನ ಪೆಟ್ಟಿಗೆಯಂಥವು ಲೋಕದಲ್ಲಿ ನಿರಾತಂಕವಾಗಿ ಹರಡಲು ಇಂಥ ತೀರ್ಪುಗಳು ದಾರಿಮಾಡಿದವು. ಇತ್ತ ನಮ್ಮ ಸರ್ಕಾರ ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ನೂರಕ್ಕೆ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿಸಿತು. ಹೊರನಾಡಿನ ಪೆಟ್ಟಿಗೆ ದುಬಾರಿಯಾಗಲು ಅದೂ ಒಂದು ಕಾರಣ. ಎಂಟು ಗುಬುಟುಗಳ, ಒಂದೇ ಬಣ್ಣದ ಆರೇ ಇಟ್ಟಿಗೆಗಳನ್ನು 91,51,03,765 ಬಗೆಯಲ್ಲಿ ಜೋಡಿಸಬಹುದೆಂಬ ಗಣಿತವನ್ನು ರಾಯರು ಊಟದ ಹೊತ್ತಿನಲ್ಲಿ ವಿವರಿಸಿದಾಗ ಮಗ ಕೇಳಿದ: “ಅಪ್ಪಾ, ನಮ್ಮ ಮನೆಯಲ್ಲಿ ಆರು ಇಟ್ಟಿಗೆಗಳಾದರೂ ಇವೆಯೇ?”

ಇರಲಿಲ್ಲ. ಹುಟ್ಟುಹಬ್ಬದ ದಿನ ಮಗನಿಗೆ ಸಿಕ್ಕಿದ್ದು ಬಣ್ಣದ ಪೆನ್ಸಿಲುಗಳು ಮತ್ತು ಒಂದು ಭರವಸೆ. ಆಗಸ್ಟಿನ ಸ್ವಾತಂತ್ರ್ಯೋತ್ಸವದ ಮಾರಾಟದಲ್ಲಿ ಬೆಲೆ ಇಳಿದಿತ್ತು, ಸರಕು ಇರಲಿಲ್ಲ. ದಸರೆಯ ಮಾರಾಟದಲ್ಲಿ 4,799ಕ್ಕೆ ಇಳಿಯಿತು. ಇನ್ನೂ ಇಳಿಯಬಹುದೆಂದು ರಾಯರು ಒಂದು ರಾತ್ರಿ ಕಾದರು. ಬೆಳಗಾಗುವಷ್ಟರಲ್ಲಿ ಮತ್ತೆ 5,999. ಆ ಒಂದು ರಾತ್ರಿಯ ಪಶ್ಚಾತ್ತಾಪ ಅವರನ್ನು ಇನ್ನೂ ಹಟಮಾರಿಗಳನ್ನಾಗಿ ಮಾಡಿತು. 4,799ಕ್ಕೆ ದೊರೆಯುತ್ತಿದ್ದುದನ್ನು 5,399 ಕೊಟ್ಟು ತರುವುದೆಂದರೆ ಸೋಲೊಪ್ಪಿಕೊಂಡಂತೆ ಎನಿಸಿತು. ಮಗ ಮೊದಲು ದಿನವೂ ಕೇಳುತ್ತಿದ್ದವನು ವಾರಕ್ಕೊಮ್ಮೆ ಕೇಳತೊಡಗಿದ; ದೀಪಾವಳಿಯ ನಂತರ ಕೇಳುವುದನ್ನೇ ಬಿಟ್ಟ. ಕೇಳದ ಮಗು ಮರೆತಿದೆಯೆಂದು ತಿಳಿಯುವುದು ಹಿರಿಯರಿಗೆ ಬಹಳ ಅನುಕೂಲವಾದ ತಿಳಿವಳಿಕೆ.

ಡಿಸೆಂಬರಿನ ಒಂದು ಭಾನುವಾರ ಅಟ್ಟ ಶುಚಿಮಾಡುವಾಗ ತುಕ್ಕು ಹಿಡಿದ ತಗಡಿನ ಡಬ್ಬಿಯೊಂದು ಸಿಕ್ಕಿತು. ಒಳಗೆ ತೂತುಗಳ ಕಬ್ಬಿಣದ ಪಟ್ಟಿಗಳು, ಹಿತ್ತಾಳೆಯ ಮೊಳೆತಿರುಪುಗಳು, ಒಂದು ಚಕ್ರ. ರಾಯರು ಬಾಲ್ಯದಲ್ಲಿ ಆಡಿದ್ದ ಸೆಟ್ಟು ಅದು. ಇದರ ವಂಶವೂ ದೊಡ್ಡದೇ. ಲಿವರ್‌ಪೂಲಿನ ಗುಮಾಸ್ತ ಫ್ರಾಂಕ್ ಹಾರ್ನ್‌ಬಿ ತನ್ನ ಮಕ್ಕಳಿಗಾಗಿ ತಗಡನ್ನು ಕತ್ತರಿಸಿ, ಅರ್ಧರ್ಧ ಅಂಗುಲಕ್ಕೆ ತೂತು ಕೊರೆದು ಮಾಡಿದ ಆಟಿಕೆಗೆ 1901ರಲ್ಲಿ ಪೇಟೆಂಟು ಪಡೆದ. 1907ರಲ್ಲಿ ಅದಕ್ಕೆ ಮೆಕ್ಕಾನೋ ಎಂದು ಹೆಸರಾಯಿತು. ಆ ಪೆಟ್ಟಿಗೆಗಳಿಗೆ ನಂಬರುಗಳಿದ್ದವು. 1ನೇ ನಂಬರು ಉಳ್ಳವನು 1-ಎ ಎಂಬ ಪೂರಕ ಪೆಟ್ಟಿಗೆಯನ್ನು ಕೊಂಡರೆ ಅವನದು 2ನೆಯದಾಗುತ್ತಿತ್ತು. ಗಿರಾಕಿಯ ಮಗನನ್ನೇ ಕಂಪನಿಯ ಏಜೆಂಟನನ್ನಾಗಿ ಮಾಡಿಕೊಳ್ಳುವ ಈ ಜಾಣತನದ ಮುಂದೆ ಇಂದಿನ ರಿಯಾಯಿತಿಗಳು ಏನೂ ಅಲ್ಲ. ಅದೇ ಮಾದರಿಯ, ದೇಶೀಯ ತಯಾರಿಕೆಯ 1ನೇ ನಂಬರಿನ ಸೆಟ್ಟನ್ನು ರಾಯರ ತಂದೆ 1989ರಲ್ಲಿ ತಂದುಕೊಟ್ಟಿದ್ದರು. ಅದರಲ್ಲಿ ಬಂಡಿ ಕಟ್ಟಬಹುದಿತ್ತು, ಏಣಿ ಕಟ್ಟಬಹುದಿತ್ತು. ಕ್ರೇನಿನ ಚಿತ್ರ ಪುಸ್ತಿಕೆಯ ಕೊನೆಯ ಪುಟದಲ್ಲಿತ್ತು; ಅದಕ್ಕೆ ಪೂರಕ ಪೆಟ್ಟಿಗೆ ಬೇಕಾಗಿತ್ತು. ತರುತ್ತೇನೆಂದು ತಂದೆ ಹೇಳಿದ್ದರು, ತರಲಿಲ್ಲ. ಅವರು ಮರೆತುಬಿಟ್ಟರೆಂದು ರಾಯರು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ನಂಬಿದ್ದರು. ತಂದೆ ತೀರಿಕೊಂಡ ಮೇಲೂ ಆ ಸಣ್ಣ ಮುಳ್ಳು ಎಲ್ಲಿಯೋ ಉಳಿದಿತ್ತು.

ಮಗನ ಕೈಯಲ್ಲಿ ಡಬ್ಬಿಯನ್ನು ಕಂಡ ತಾಯಿ ಏನೂ ಮಾತಾಡದೆ ಒಳಗೆ ಹೋಗಿ, ಕೆಂಪು ರಟ್ಟಿನ ಹಳೆಯ ಲೆಕ್ಕದ ಪುಸ್ತಕಗಳನ್ನು ತಂದು ಮುಂದಿಟ್ಟರು. ಶಾಲಾ ಉಪಾಧ್ಯಾಯರ ದುಂಡನೆಯ ಅಕ್ಷರ; ಅಕ್ಕಿ, ಸೀಮೆಎಣ್ಣೆ, ಬಾಡಿಗೆ, ಹಾಲಿನವಳ ಬಾಕಿ. 1989ರ ಅಕ್ಟೋಬರ್: “ಚಿರಂಜೀವಿಗೆ ಕಬ್ಬಿಣದ ಸೆಟ್ಟು, 68-00.” ಅದರ ಕೆಳಗೆ ಪೆನ್ಸಿಲಿನಲ್ಲಿ: “ಪೂರಕ ಸೆಟ್ಟು ಮುಂದಿನ ತಿಂಗಳು.” ಮುಂದಿನ ತಿಂಗಳು: “ಪೂರಕ ಸೆಟ್ಟು: ಅವೆನ್ಯೂ ರಸ್ತೆ 74, ಗಾಂಧಿಬಜಾರು 76, ಚಿಕ್ಕಪೇಟೆ 70. ನೋಡೋಣ.” 1990ರ ಜೂನ್, ಶಾಲಾ ಶುಲ್ಕದ ಪಕ್ಕದಲ್ಲಿ: “ಪೂರಕ ಸೆಟ್ಟು 78 ಆಗಿದೆ.” 1991ರ ಅಕ್ಟೋಬರ್: “ಮೈಸೂರು ವಸ್ತುಪ್ರದರ್ಶನದಲ್ಲಿ 72ಕ್ಕೆ ಸಿಗುವುದೆಂದು ಕೇಳಿದೆ. ಬಸ್ಸಿನ ಖರ್ಚು ಹೆಚ್ಚು.” 1992ರ ಏಪ್ರಿಲ್, ವಿಶ್ವಕಪ್ಪಿನ ಗದ್ದಲ ಮುಗಿದ ತಿಂಗಳು: “ಹುಡುಗನಿಗೆ ಈಗ ಕ್ರಿಕೆಟ್ ಬ್ಯಾಟು ಬೇಕಂತೆ. ಸೆಟ್ಟಿನ ಮಾತು ಬಿಟ್ಟಿದ್ದಾನೆ.” ಅದರ ಕೆಳಗೆ ಅಡಿಕೋಲಿಟ್ಟು ಎಳೆದ ಒಂದು ಗೆರೆ.

“ಅವರು ಮರೆತಿರಲಿಲ್ಲ. ಇಳಿಯಲೆಂದು ಕಾದರು. ಆಗಿನ ಸಂಬಳ ಹಾಗಿತ್ತು,” ಎಂದರು ತಾಯಿ.

ರಾಯರು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದರು. ಮುಳ್ಳು ಹೋಯಿತು, ಆದರೆ ಹೋದ ಸ್ಥಳ ನೋಯುತ್ತಿತ್ತು. ತಂದೆಗೆ 70ಕ್ಕೂ 74ಕ್ಕೂ ನಡುವಣ ನಾಲ್ಕು ರೂಪಾಯಿ ನಿಜವಾದ ನಾಲ್ಕು ರೂಪಾಯಿಯಾಗಿತ್ತು. ಅದರ ಹಿಂದೆ ಸೀಮೆಎಣ್ಣೆಯಿತ್ತು, ಹಾಲಿತ್ತು. ತಮಗೆ ಈ ಆರುನೂರು ರೂಪಾಯಿಯ ಹಿಂದೆ ಏನಿತ್ತು? ಗೆಲ್ಲಬೇಕೆಂಬ ಹಟವಲ್ಲದೆ ಬೇರೇನೂ ಇರಲಿಲ್ಲ. ತಂದೆಯದು ಬಡತನದ ಲೆಕ್ಕ. ತಮ್ಮದು ಬರಿಯ ಅಭ್ಯಾಸ. ಕಾಯುವ ಮಗುವಿಗೆ ಮಾತ್ರ ಎರಡೂ ಒಂದೇ. ಅಂಗಡಿಗಳ ಬೆಲೆ ಏರಿ ಇಳಿದು ಮತ್ತೆ ಏರುತ್ತದೆ. ಒಂಬತ್ತು ವರ್ಷದ ವಯಸ್ಸು ಒಂದೇ ದಿಕ್ಕಿಗೆ ಹೋಗುತ್ತದೆ.

ಅಂದೇ ಸಂಜೆ ಅವರು ಮಗನ ಕೈಹಿಡಿದು ಜಯನಗರಕ್ಕೆ ಹೋಗಿ, ಮೊದಲ ದಿನ ನೋಡಿದ್ದ ಅದೇ ಪೆಟ್ಟಿಗೆಗೆ ಮೊದಲ ದಿನ ಕೇಳಿದ್ದ ಅದೇ 5,399 ರೂಪಾಯಿಯನ್ನು ಎಣಿಸಿಕೊಟ್ಟು ಬಂದರು. ಮಗ ಅದನ್ನು ಚೀಲಕ್ಕೆ ಹಾಕಲು ಬಿಡದೆ ಮನೆಯವರೆಗೂ ಎದೆಗವಚಿಕೊಂಡೇ ಬಂದ. ಅವನು ಮರೆತಿರಲಿಲ್ಲ.

ಹನ್ನೆರಡು ದಿನಗಳ ಮೇಲೆ ಕ್ರಿಸ್‌ಮಸ್ ಮಾರಾಟ ಬಂತು. ಮಡದಿ ಮೊಬೈಲನ್ನು ಮುಂದೆ ಹಿಡಿದು, “ನಿಮ್ಮ ಕ್ರೇನು 4,499,” ಎಂದು ನಗುವನ್ನು ತಡೆದುಕೊಂಡು ಓದಿದರು. ರಾಯರು ಒಂದು ಗಳಿಗೆ ಕಣ್ಣುಮುಚ್ಚಿದರು. ಅಭ್ಯಾಸ ಒಮ್ಮೆಗೇ ಬಿಡುವುದುಂಟೇ? ಒಂಬೈನೂರನ್ನು ಹನ್ನೆರಡರಿಂದ ಭಾಗಿಸಿದರು.

“ಸಂಜೆಯೊಂದಕ್ಕೆ ಎಪ್ಪತ್ತೈದು ರೂಪಾಯಿ. ದುಬಾರಿಯೇನಲ್ಲ,” ಎಂದರು.

ನಡುಮನೆಯ ನೆಲದ ಮೇಲೆ ಕ್ರೇನು ಇರಲಿಲ್ಲ. ಮೂರನೆಯ ದಿನವೇ ಅದನ್ನು ಕಳಚಿದ ಮಗ, ಅದೇ ತುಂಡುಗಳಿಂದ ಸೇತುವೆಯೊಂದನ್ನು ಎಬ್ಬಿಸುತ್ತಿದ್ದ. ತಗಡಿನ ಡಬ್ಬಿಯ ಕಬ್ಬಿಣದ ಪಟ್ಟಿಯೊಂದು ಅದರ ಕೆಳಗೆ ತೊಲೆಯಾಗಿ ನಿಂತಿತ್ತು. ಸೇತುವೆ ಸೋಫಾವನ್ನು ಮುಟ್ಟಲು ಇನ್ನೂ ಒಂದು ಗೇಣು ಉಳಿದಿತ್ತು.

“ಅಪ್ಪಾ, ಇನ್ನು ಸ್ವಲ್ಪ ಇಟ್ಟಿಗೆಗಳು ಬೇಕು,” ಎಂದ.

ರಾಯರ ಕೈ ಮೊಬೈಲಿನ ಕಡೆಗೆ ಹೋಯಿತು. ಕಪಾಟಿನ ಮೇಲಿದ್ದ ಕೆಂಪು ರಟ್ಟಿನ ಪುಸ್ತಕದ ಮೇಲೆ ದೃಷ್ಟಿ ಬಿದ್ದೊಡನೆ ನಡುದಾರಿಯಲ್ಲಿ ನಿಂತಿತು.

“ಆಗಲಿ, ಎರಡೇ ಅಂಗಡಿ ನೋಡುತ್ತೇನೆ. ಶನಿವಾರಕ್ಕೆ ತರೋಣ,” ಎಂದರು.