ಶಿರಸ್ತ್ರಾಣಗಳ ಊರು ಟ್ವಿಕೆನ್‌ಹ್ಯಾಮ್

ಲಂಡನ್ನಿನ ವಾಟರ್‌ಲೂ ನಿಲ್ದಾಣದಲ್ಲಿ ರೈಲು ಹತ್ತಿ ನೈರುತ್ಯಕ್ಕೆ ಹೊರಟರೆ ಸುಮಾರು ಅರ್ಧ ಗಂಟೆಯಲ್ಲಿ ಟ್ವಿಕೆನ್‌ಹ್ಯಾಮ್ ಬರುತ್ತದೆ. ಥೇಮ್ಸ್ ನದಿಯ ದಂಡೆಯ ಊರು. ಹೆಸರು ಕೇಳಿದೊಡನೆ ಹೆಚ್ಚಿನವರಿಗೆ ನೆನಪಾಗುವುದು ಇಲ್ಲಿನ ರಗ್ಬಿ ಕ್ರೀಡಾಂಗಣ. ಪಂದ್ಯದ ದಿನ ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಗದ್ದಲದ ದಾರಿ ಬಿಟ್ಟು ಊರಿನ ಇನ್ನೊಂದು ಮಗ್ಗುಲಿಗೆ ನಡೆದವರಿಗೆ ಬೇರೆಯೇ ಸ್ವಾರಸ್ಯವಿದೆ. ಒಂದಕ್ಕೊಂದು ನಡೆದುಹೋಗುವಷ್ಟು ದೂರದಲ್ಲಿ ಅಲ್ಲಿ ಎರಡು ಜಾಗಗಳಿವೆ. ಎರಡೂ ಕಡೆ ಹುಟ್ಟಿದ್ದು ಶಿರಸ್ತ್ರಾಣಗಳೇ. ಆದರೆ ನಡುವೆ ಇನ್ನೂರಕ್ಕೂ ಹೆಚ್ಚು ವರ್ಷಗಳ ಅಂತರ.

ಕಾಗದದ ಕಮಾನಿನ ಮನೆ

ಮೊದಲನೆಯದು ಸ್ಟ್ರಾಬೆರಿ ಹಿಲ್ ಹೌಸ್. ಬ್ರಿಟನ್ನಿನ ಪ್ರಧಾನಿಯಾಗಿದ್ದ ರಾಬರ್ಟ್ ವಾಲ್ಪೋಲರ ಮಗ ಹೊರೇಸ್ ವಾಲ್ಪೋಲ್ 1747ರಲ್ಲಿ ಇಲ್ಲಿಗೆ ಬಂದು, ಒಂದು ಸಾಧಾರಣ ಮನೆಯನ್ನು ವರ್ಷಗಟ್ಟಲೆ ತಿದ್ದಿ ತೀಡಿ ಪುಟ್ಟ ಕೋಟೆಯಂತೆ ಮಾಡಿದ. ಹೊರಗೆ ಬಿಳಿ ಗೋಡೆ, ಗೋಪುರ, ಚೂಪು ಕಮಾನಿನ ಕಿಟಕಿಗಳು. ಒಳಗೆ ಹೋದವರು ಗ್ಯಾಲರಿಯ ಚಾವಣಿ ನೋಡಿ ಬೆರಗಾಗುತ್ತಾರೆ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಕಲ್ಲಿನ ಕಮಾನನ್ನು ಅನುಸರಿಸಿದ ಆ ಚಾವಣಿ ಕಲ್ಲಿನದಲ್ಲ. ಕಾಗದದ ಮುದ್ದೆಗೆ ಅಂಟು ಸೇರಿಸಿ, ಅಚ್ಚಿಗೆ ಹಾಕಿ ತೆಗೆದದ್ದು. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಕಾಣುವ ಕಲ್ಲಿನ ಕೆತ್ತನೆಯೂ ಕಾಗದದ ಮೇಲೆ ಬರೆದ ಬಣ್ಣ.

ಆ ಮೆಟ್ಟಿಲ ಮೇಲ್ಭಾಗದಲ್ಲಿ ವಾಲ್ಪೋಲ್ ಹಳೆಯ ಕವಚಗಳನ್ನು ಸಂಗ್ರಹಿಸಿಟ್ಟಿದ್ದ. 1764ರ ಜೂನ್ ತಿಂಗಳ ಒಂದು ರಾತ್ರಿ ಅವನಿಗೆ ಕನಸು ಬಿತ್ತು. ಮೆಟ್ಟಿಲ ಕೈಪಿಡಿಯ ಮೇಲೆ ಕವಚ ತೊಟ್ಟ ಒಂದು ದೈತ್ಯ ಕೈ! ಆ ಕನಸಿನಿಂದ ಹುಟ್ಟಿದ್ದು ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಕಾದಂಬರಿ. ಮದುವೆಯ ದಿನವೇ ದೈತ್ಯಾಕಾರದ ಶಿರಸ್ತ್ರಾಣವೊಂದು ಬಿದ್ದು ರಾಜಕುಮಾರ ಸಾಯುವುದರೊಂದಿಗೆ ಕಥೆ ಶುರುವಾಗುತ್ತದೆ. ಇಂಗ್ಲಿಷ್‌ನಲ್ಲಿ ಗಾಥಿಕ್ ಕಾದಂಬರಿಯ ಪರಂಪರೆ ಆರಂಭವಾದದ್ದೇ ಇದರಿಂದ. ಮೊದಲ ಮುದ್ರಣದಲ್ಲಿ ವಾಲ್ಪೋಲ್ ತನ್ನ ಹೆಸರು ಹಾಕಲಿಲ್ಲ. ಇಟಲಿಯ ಹಳೆಯ ಪುಸ್ತಕವೊಂದರ ಅನುವಾದವೆಂದು ಹೇಳಿಕೊಂಡ. ಜನ ಮೆಚ್ಚಿದ ಮೇಲೆ 1765ರ ಎರಡನೆಯ ಮುದ್ರಣದಲ್ಲಿ ತಾನೇ ಬರೆದದ್ದೆಂದು ಒಪ್ಪಿಕೊಂಡ.

ಕ್ರಿಕೆಟ್ ಮೈದಾನದ ಎದುರು

ಎರಡನೆಯ ಜಾಗ ಟ್ವಿಕೆನ್‌ಹ್ಯಾಮ್ ಗ್ರೀನ್. ತ್ರಿಕೋನಾಕಾರದ ಹುಲ್ಲು ಮೈದಾನ. ಬೇಸಿಗೆಯಲ್ಲಿ ಇಲ್ಲಿ ಕ್ರಿಕೆಟ್ ಆಡುತ್ತಾರೆ. ಈ ಮೈದಾನದ ಬದಿಯ ಮನೆ-ಅಂಗಡಿಗಳ ಸಾಲಿನಲ್ಲಿ ಆಂಡ್ರೂ ಐನ್ಸ್‌ವರ್ತ್ ಎಂಬ ಕುಶಲಕರ್ಮಿಯ ಕಾರ್ಯಾಗಾರವಿತ್ತು. ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಬೇಕಾದ ಆಕಾರಕ್ಕೆ ತರುವುದರಲ್ಲಿ ಅವರದು ಪಳಗಿದ ಕೈ.

1976ರಲ್ಲಿ ಜಾರ್ಜ್ ಲ್ಯೂಕಾಸ್ ‘ಸ್ಟಾರ್ ವಾರ್ಸ್’ ಚಿತ್ರವನ್ನು ಲಂಡನ್ನಿನ ಉತ್ತರಕ್ಕಿರುವ ಎಲ್‌ಸ್ಟ್ರೀ ಸ್ಟುಡಿಯೊದಲ್ಲಿ ತಯಾರಿಸುತ್ತಿದ್ದರು. ಅದರಲ್ಲಿ ಬಿಳಿ ಕವಚ ತೊಟ್ಟ ‘ಸ್ಟಾರ್ಮ್‌ಟ್ರೂಪರ್’ ಸೈನಿಕರ ದಂಡೇ ಬೇಕಿತ್ತು. ಅವರ ರೂಪವನ್ನು ಚಿತ್ರಗಳಲ್ಲಿ ಬರೆದವರು ಕಲಾವಿದ ರಾಲ್ಫ್ ಮೆಕ್ವಾರಿ. ಅದನ್ನು ನೋಡಿ ಜೇಡಿಮಣ್ಣಿನಲ್ಲಿ ಶಿರಸ್ತ್ರಾಣದ ಮಾದರಿ ಮಾಡಿದವರು ನಿಕ್ ಪೆಂಬರ್‌ಟನ್. ಲ್ಯೂಕಾಸ್ ಒಪ್ಪುವವರೆಗೂ ಅದನ್ನು ಹಲವು ಸಲ ತಿದ್ದಲಾಯಿತು. ಆಮೇಲೆ ಐನ್ಸ್‌ವರ್ತ್ ಪ್ಲಾಸ್ಟಿಕ್‌ನಲ್ಲಿ 50 ಶಿರಸ್ತ್ರಾಣಗಳನ್ನು ಮಾಡಿಕೊಟ್ಟರು. 1977ರಲ್ಲಿ ತೆರೆಕಂಡ ಚಿತ್ರ ಜಗತ್ತನ್ನೇ ಗೆದ್ದಿತು. ವಸ್ತ್ರವಿನ್ಯಾಸಕ್ಕಾಗಿ ಜಾನ್ ಮೊಲ್ಲೊ ಅವರಿಗೆ ಆಸ್ಕರ್ ಪ್ರಶಸ್ತಿ ಬಂತು.

ಗಾಳಿಯೇ ಕಮ್ಮಾರ

ಲೋಹದ ಕವಚಕ್ಕೆ ಕುಲುಮೆ, ಸುತ್ತಿಗೆ ಬೇಕು. ಪ್ಲಾಸ್ಟಿಕ್ ಕವಚಕ್ಕೆ ಸುತ್ತಿಗೆಯ ಕೆಲಸವನ್ನು ಗಾಳಿಯೇ ಮಾಡುತ್ತದೆ. ಹಾಳೆಯನ್ನು ಚೌಕಟ್ಟಿಗೆ ಬಿಗಿದು, ಹಪ್ಪಳದ ಹಿಟ್ಟಿನಂತೆ ಮೆತ್ತಗಾಗಿ ಜೋತುಬೀಳುವವರೆಗೆ ಕಾಯಿಸುತ್ತಾರೆ. ಅದನ್ನು ಅಚ್ಚಿನ ಮೇಲೆ ಇಳಿಸಿ, ಕೆಳಗಿನಿಂದ ಗಾಳಿಯನ್ನು ಹೀರಿ ತೆಗೆಯುತ್ತಾರೆ. ಆಗ ಮೇಲಿನ ವಾತಾವರಣದ ಒತ್ತಡ ಹಾಳೆಯನ್ನು ಅಚ್ಚಿನ ಮೂಲೆ ಮೂಲೆಗೂ ಒತ್ತುತ್ತದೆ. ಈ ಒತ್ತಡ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. 60 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಹಾಳೆಯ ಕೆಳಗಿನ ಗಾಳಿಯನ್ನೆಲ್ಲ ತೆಗೆದರೆ ಅದರ ಮೇಲೆ ಬೀಳುವ ಭಾರ ಮೂರೂವರೆ ಟನ್ನಿಗೂ ಹೆಚ್ಚು. ಪಾಠದಲ್ಲಿ ಓದಿದ ವಾಯುಭಾರ ಇಲ್ಲಿ ಕಣ್ಣೆದುರೇ ಕೆಲಸ ಮಾಡುತ್ತದೆ.

ಇದಕ್ಕೂ ಒಂದು ಮಿತಿಯಿದೆ. ಕೆಳಗೆ ಕಿರಿದಾಗಿ ಮೇಲೆ ಅಗಲವಾದ ಆಕಾರ ಅಚ್ಚಿನಿಂದ ಬಿಟ್ಟು ಬರುವುದಿಲ್ಲ. ಆದ್ದರಿಂದ ಶಿರಸ್ತ್ರಾಣದ ಮುಂಭಾಗ ಬೇರೆ, ಹಿಂಭಾಗ ಬೇರೆ. ಎರಡೂ ಸೇರುವ ಗೆರೆಯನ್ನು ಕಿವಿಯ ಜಾಗದ ತುಣುಕುಗಳು ಮುಚ್ಚುತ್ತವೆ. ಅಲಂಕಾರದಂತೆ ಕಾಣುವ ಭಾಗ ನಿಜವಾಗಿ ಬೆಸುಗೆಯ ಮರೆ.

ಊಟದ ಮೇಜಿನ ಮೇಲೆ ಕವಚ

ಇಂಥ ಕವಚಗಳನ್ನು ಜೋಡಿಸದ ಬಿಡಿ ಭಾಗಗಳ ಕಿಟ್ ರೂಪದಲ್ಲಿ ತರಿಸಿ, ಮನೆಯಲ್ಲೇ ಕಟ್ಟುವ ಹವ್ಯಾಸಿಗಳು ಹಲವು ದೇಶಗಳಲ್ಲಿದ್ದಾರೆ. ಪೆಟ್ಟಿಗೆ ಬಿಚ್ಚಿದಾಗ ಸಿಗುವುದು ಎದೆ, ಬೆನ್ನು, ತೋಳು, ತೊಡೆಗಳ ಒರಟು ಚಿಪ್ಪುಗಳು. ಅಳತೆ ಹಾಕಿ, ಸುತ್ತಲಿನ ಹೆಚ್ಚುವರಿ ಅಂಚನ್ನು ಕತ್ತರಿಸಬೇಕು. ಚಾಕುವಿನಿಂದ ಗೀರು ಹಾಕಿ ಬಗ್ಗಿಸಿದರೆ ಪ್ಲಾಸ್ಟಿಕ್ ಗೀರಿನ ಗುಂಟ ಮುರಿಯುತ್ತದೆ. ಅವಸರ ಮಾಡಿದರೆ ಬೆರಳಿಗೇ ಗಾಯ. ಈ ಕೆಲಸ ದೊಡ್ಡವರದು.

ತೋಳಿನ ಎರಡು ಅರ್ಧಗಳನ್ನು ಎದುರುಬದುರು ಇಟ್ಟು, ಒಳಗಿನಿಂದ ಪಟ್ಟಿ ಅಂಟಿಸುತ್ತಾರೆ. ಅಂಟು ಗಟ್ಟಿಯಾಗಲು ಒಂದು ದಿನ ಬೇಕು. ಅಲ್ಲಿಯವರೆಗೆ ಕ್ಲಿಪ್ಪುಗಳ ಬಿಗಿ ಸಡಿಲಿಸುವಂತಿಲ್ಲ. ಸರಿಯಾಗಿ ಕೂರದ ಅಂಚನ್ನು ಬಿಸಿನೀರಿನಲ್ಲಿ ಅದ್ದಿ ಬಾಗಿಸಬಹುದು. ಕೊನೆಗೆ ಎಲಾಸ್ಟಿಕ್ ಪಟ್ಟಿ, ಟಿಚ್ ಬಟನ್‌ಗಳ ಸಹಾಯದಿಂದ ಭಾಗಗಳನ್ನು ಮೈಗೆ ಹೊಂದಿಸುತ್ತಾರೆ.

ಬಣ್ಣದ ಗುಟ್ಟು ಬಣ್ಣ ಹಚ್ಚುವ ಮೊದಲೇ ಇದೆ. ಸೋಪಿನ ನೀರಿನಲ್ಲಿ ತೊಳೆದು ಜಿಡ್ಡು ತೆಗೆಯಬೇಕು. ನುಣುಪಾದ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿ, ಪ್ರೈಮರ್ ಹಚ್ಚಬೇಕು. ಒಂದೇ ಸಲ ದಪ್ಪಗೆ ಬಳಿದರೆ ಬಣ್ಣ ಇಳಿದು ಕಣ್ಣೀರಿನ ಗೆರೆಯಂತಾಗುತ್ತದೆ. ತೆಳ್ಳಗೆ ಮೂರು ಸಲ, ಪ್ರತಿ ಸಲವೂ ಒಣಗಲು ಬಿಡುವು. ಕಿಟಕಿ ತೆರೆದಿರಲಿ, ಮೂಗಿಗೆ ಮುಸುಕಿರಲಿ.

ಸ್ವಾರಸ್ಯದ ಸಂಗತಿಯೊಂದಿದೆ. ಚಿತ್ರದಲ್ಲಿ ಬಳಸಿದ ಶಿರಸ್ತ್ರಾಣಗಳ ಎಡ ಬಲಗಳು ಒಂದೇ ಸಮನಾಗಿರಲಿಲ್ಲ. ಕೆನ್ನೆಯ ಪಟ್ಟೆಗಳನ್ನು ಕೈಯಿಂದಲೇ ಬರೆದದ್ದರಿಂದ ಅವೂ ಸೊಟ್ಟಪಟ್ಟ. ನಿಷ್ಠೆಯ ಹವ್ಯಾಸಿಗಳು ಆ ಸೊಟ್ಟವನ್ನೂ ಹಾಗೆಯೇ ಉಳಿಸಿಕೊಳ್ಳುತ್ತಾರೆ. ಅವರಿಗೆ ಅದು ಕುಂದಲ್ಲ, ಮೊದಲು ಕೆಲಸ ಮಾಡಿದ ಕೈಯ ಗುರುತು.

ಕಲೆಯೋ, ಸಾಧನವೋ?

2004ರಲ್ಲಿ ಐನ್ಸ್‌ವರ್ತ್ ಹಳೆಯ ಅಚ್ಚುಗಳನ್ನು ಹೊರತೆಗೆದು ಶಿರಸ್ತ್ರಾಣ, ಕವಚಗಳನ್ನು ಮಾಡಿ ಮಾರತೊಡಗಿದರು. ಅಮೆರಿಕಕ್ಕೂ ಕೆಲವು ಹೋದವು. ಲ್ಯೂಕಾಸ್‌ಫಿಲ್ಮ್ ಸಂಸ್ಥೆ ಮೊಕದ್ದಮೆ ಹೂಡಿತು. 2006ರಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯ ಎರಡು ಕೋಟಿ ಡಾಲರ್ ಪರಿಹಾರಕ್ಕೆ ಆದೇಶಿಸಿತು. ವ್ಯಾಜ್ಯ ಲಂಡನ್ನಿಗೆ ಬಂದು, 2008ರ ಹೈಕೋರ್ಟ್ ತೀರ್ಪು, 2009ರ ಮೇಲ್ಮನವಿಗಳನ್ನು ದಾಟಿ 2011ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ತಲುಪಿತು.

ಪ್ರಶ್ನೆ ಸರಳವಾಗಿ ಕಾಣುತ್ತದೆ: ಈ ಶಿರಸ್ತ್ರಾಣ ಶಿಲ್ಪವೇ? ಶಿಲ್ಪವಾದರೆ ಕರ್ತೃವಿನ ಜೀವಮಾನ ಮತ್ತು ಆನಂತರದ 70 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಬಳಕೆಯ ವಸ್ತುವಿನ ವಿನ್ಯಾಸಕ್ಕೆ ರಕ್ಷಣೆಯ ಅವಧಿ ಬಹಳ ಕಡಿಮೆ. ಕಲಾಕೃತಿ ಎನ್ನಬೇಕಾದದ್ದು ಸಿನಿಮಾವನ್ನು, ಶಿರಸ್ತ್ರಾಣ ಆ ಸಿನಿಮಾ ತಯಾರಿಕೆಗೆ ಬಳಸಿದ ಸಾಧನ ಎಂದು ನ್ಯಾಯಾಲಯ ತೀರ್ಮಾನಿಸಿತು. ಹಾಗಾಗಿ ಬ್ರಿಟನ್ನಿನಲ್ಲಿ ಮಾರಲು ಅಡ್ಡಿ ಉಳಿಯಲಿಲ್ಲ. ಅಮೆರಿಕದ ಹಕ್ಕುಸ್ವಾಮ್ಯ ಉಲ್ಲಂಘನೆಯ ದೂರನ್ನು ಮಾತ್ರ ಇಂಗ್ಲೆಂಡಿನ ನ್ಯಾಯಾಲಯದಲ್ಲೂ ವಿಚಾರಿಸಬಹುದೆಂದು ಹೇಳಿತು.

ಈ ವಿಚಾರಣೆಯಲ್ಲಿ ಇನ್ನೊಂದು ಮಾತೂ ಇತ್ಯರ್ಥವಾಯಿತು. ಶಿರಸ್ತ್ರಾಣದ ರೂಪ ತನ್ನದೇ ಎಂಬ ಐನ್ಸ್‌ವರ್ತ್ ಅವರ ವಾದವನ್ನು ಹೈಕೋರ್ಟ್ ಒಪ್ಪಲಿಲ್ಲ. ಮೆಕ್ವಾರಿಯವರ ಚಿತ್ರ, ಪೆಂಬರ್‌ಟನ್ನರ ಮಣ್ಣು, ಐನ್ಸ್‌ವರ್ತ್ ಅವರ ಪ್ಲಾಸ್ಟಿಕ್ ಕೌಶಲ ಎಂದು ಪಾಲು ಬೇರೆಯಾಯಿತು. ಮಾರುವ ಅವಕಾಶ ದಕ್ಕಿತು. ಕಲ್ಪನೆ ತನ್ನದೆಂಬ ಕೀರ್ತಿ ದಕ್ಕಲಿಲ್ಲ.

ಒಳಗೆ ಬರೆಯಬೇಕಾದ ಹೆಸರು

ಕವಚ ಕಟ್ಟುವವರೆಲ್ಲ ವ್ಯಾಪಾರಕ್ಕೆ ಇಳಿದವರಲ್ಲ. ಅಮೆರಿಕದ ಸೌತ್ ಕ್ಯಾರೊಲಿನಾದ ಆಲ್ಬಿನ್ ಜಾನ್ಸನ್ 1997ರಲ್ಲಿ ‘501ನೇ ಲೀಜನ್’ ಎಂಬ ಹವ್ಯಾಸಿಗಳ ಬಳಗ ಕಟ್ಟಿದರು. ಅದು ಹತ್ತಾರು ದೇಶಗಳಿಗೆ ಹಬ್ಬಿತು. ಇದರ ಸದಸ್ಯರು ತಾವೇ ಸಿದ್ಧಪಡಿಸಿಕೊಂಡ ಕವಚ ತೊಟ್ಟು ಆಸ್ಪತ್ರೆಗಳಲ್ಲಿ ಮಕ್ಕಳನ್ನು ನೋಡಲು ಹೋಗುತ್ತಾರೆ, ಸಹಾಯನಿಧಿ ಸಂಗ್ರಹಿಸುತ್ತಾರೆ. ಸಿನಿಮಾದ ಖಳರ ವೇಷ ಹಾಸಿಗೆ ಹಿಡಿದ ಮಗುವಿನ ಮುಖದಲ್ಲಿ ನಗು ತರುತ್ತದೆ.

ಮಗ ಅಥವಾ ಮಗಳು ರಟ್ಟು, ಕಾಗದದ ಮುದ್ದೆಯಿಂದ ಕಿರೀಟವನ್ನೋ ಕವಚವನ್ನೋ ಮಾಡಲು ಕೂತರೆ ತಂದೆತಾಯಿ ‘ಇದು ಬರೀ ನಕಲು, ಓದುವುದು ಬಿಟ್ಟು ಇದೇನು’ ಎನ್ನುವ ಮೊದಲು ಟ್ವಿಕೆನ್‌ಹ್ಯಾಮನ್ನು ನೆನೆಯಬಹುದು. ಅನುಕರಣೆಯಿಂದಲೇ ಕೈ ಪಳಗುತ್ತದೆ. ವಾಲ್ಪೋಲನ ಚಾವಣಿಯೂ ಅನುಕರಣೆಯೇ. ಅದರಲ್ಲಿ ತಪ್ಪಿಲ್ಲ. ಮಕ್ಕಳಿಗೆ ಹೇಳಿಕೊಡಬೇಕಾದದ್ದು ಒಂದೇ. ಬಣ್ಣ ಒಣಗಿದ ಮೇಲೆ ಶಿರಸ್ತ್ರಾಣದ ಒಳಮೈಯಲ್ಲಿ ಎರಡು ಸಾಲು ಬರೆಯಲಿ: ರೂಪ ಇಂಥವರದು, ಕೆಲಸ ನನ್ನದು.