ತುದಿಗೆ ಬಣ್ಣ

ಗಾಳದ ಕೋಲಿಗೆ ಬಣ್ಣ ಹೊಡೀತಿದೀನಿ ಅಂದಾಗ ಅಪ್ಪ ಫೋನಲ್ಲಿ ಕೇಳಿದ್ದು ಒಂದೇ ಮಾತು: "ಮೀನು ಬಣ್ಣ ನೋಡ್ಕಂಡು ಬತ್ತದೇನ್ಲಾ?"

ಉತ್ತರ ನನ್ನ ಹತ್ರ ಇತ್ತು, ಹೇಳಲಿಲ್ಲ. ಬಣ್ಣ ಮೀನಿಗಲ್ಲ, ನಿನಗೆ ಅಂತ ಹೇಳೋದಾದರೂ ಹೇಗೆ?

ಗಾಳ ಅಂದ ತಕ್ಷಣ ನಮ್ಮಂಥ ಓದೋ ಮಂದಿಗೆ ತೇಜಸ್ವಿ, ಮೂಡಿಗೆರೆ, ಮಲೆನಾಡಿನ ಹೊಳೆ ಎಲ್ಲಾ ನೆನಪಾಗತ್ತೆ. ನಮ್ಮೂರಿನದು ಅಷ್ಟು ಚೆಂದದ ಕಥೆಯಲ್ಲ. ಮಂಡ್ಯದ ಕಡೆ, ವಿಶ್ವೇಶ್ವರಯ್ಯ ನಾಲೆಯ ಒಂದು ಸಣ್ಣ ಕವಲು. ಕೆ.ಆರ್.ಎಸ್.ನಿಂದ ನೀರು ಬಿಟ್ಟಾಗ ಅದು ನಾಲೆ, ಬಿಡದೇ ಇದ್ದಾಗ ಪ್ಲಾಸ್ಟಿಕ್ ಕವರು ತುಂಬಿದ ಗುಂಡಿ. ಸಿಗೋದು ಹೆಚ್ಚಾಗಿ ಜಿಲೇಬಿ ಮೀನು. ಬೆಂಗಳೂರಿನ ಹೋಟೆಲಿನ ಮೆನುವಿನಲ್ಲಿ ಅದಕ್ಕೇ ತಿಲಾಪಿಯಾ ಅಂತ ಹೆಸರು ಹಾಕಿ ಮೂರು ಪಟ್ಟು ಬಿಲ್ ಮಾಡ್ತಾರೆ. ಅಪ್ಪ ಗದ್ದೆಗೆ ನೀರು ಕಟ್ಟಿ ಬಂದವನು ಸಂಜೆ ತೂಬಿನ ಪಕ್ಕ ಕೂತರೆ ಕತ್ತಲಾಗೋವರೆಗೂ ಏಳ್ತಿರಲಿಲ್ಲ. ಹರಿಯೋ ನೀರಲ್ಲಿ ಬೆಂಡು ಒಂದು ಕಡೆ ನಿಲ್ಲಲ್ಲ. ಕೋಲಿನ ತುದಿ ನೋಡ್ತಿರಬೇಕು. ತುದಿ ಒಂದು ಕೂದಲೆಳೆ ಬಾಗಿದರೆ ಅಪ್ಪನ ಮಣಿಕಟ್ಟು ತಿರುಗಿರ್ತಿತ್ತು.

ಎರಡು ವರ್ಷದಿಂದ ಮೀನು ತಪ್ಪಿಸಿಕೊಳ್ಳೋಕೆ ಶುರುವಾಯ್ತು. ಹುಳ ತಿಂದು, ಬರೀ ಕೊಕ್ಕೆ ಬಿಟ್ಟು ಹೋಗ್ತಿದ್ದವು. "ಈಗಿನ ಮೀನೆಲ್ಲ ಚಾಲಾಕಾಗವೆ" ಅಂತಿದ್ದ ಅಪ್ಪ. ನಾವೂ ನಕ್ಕು ಸುಮ್ಮನಾದೆವು. ಆಮೇಲೆ ಒಂದು ಸಂಜೆ ನಾಲೆ ಏರಿ ಮೇಲೆ, ದಿನಾ ಓಡಾಡೋ ದಾರಿಯಲ್ಲಿ, ಪಕ್ಕದಲ್ಲಿದ್ದ ಕಲ್ಲು ಎಡವಿ ಬಿದ್ದ. ಮೊಣಕೈ ತರಚಿತು, ಹಳೇ ಕೋಲು ಎರಡು ತುಂಡಾಯ್ತು. ಮೈಸೂರಿಗೆ ಕರ್ಕೊಂಡು ಹೋಗಿ ತೋರಿಸಿದರೆ ಗ್ಲಾಕೋಮಾ. ನೋವಿಲ್ಲದೆ, ಅಂಚಿನಿಂದ ಒಳಗೆ ಬರೋ ಕಾಯಿಲೆ. ಹೋದ ದೃಷ್ಟಿ ವಾಪಸ್ ಬರಲ್ಲ, ಡ್ರಾಪ್ಸ್ ಹಾಕಿ ಉಳಿದಿದ್ದನ್ನ ಉಳಿಸಿಕೊಳ್ಳಬೇಕು, ಒಂದೇ ಥರದ ಬಣ್ಣಗಳು ಒಂದರೊಳಗೊಂದು ಸೇರಿದಂತೆ ಕಾಣಬಹುದು ಅಂದರು ಡಾಕ್ಟರು. ಹಸಿರು ನೀರು, ಹಸಿರು ದಡ, ಬೂದುಬಣ್ಣದ ಬಿದಿರು. ನನಗೆ ಆಗ ಮೀನಿನ ಚಾಲಾಕು ಅರ್ಥವಾಯ್ತು.

ಅಪ್ಪ ಮಾತ್ರ ಕಣ್ಣು ಕಾಣಲ್ಲ ಅಂತ ಒಂದು ಸಲವೂ ಬಾಯಿ ಬಿಟ್ಟು ಹೇಳಲಿಲ್ಲ. ಕಣ್ಣಿಗೆ ಹನಿ ಹಾಕ್ಕೋತಿದ್ದ, ಅದೂ ಯಾರೂ ಇಲ್ಲದಾಗ.

ಅಟ್ಟದ ಮೇಲೆ, ಹೊಗೆ ಕುಡಿದು ಒಣಗಿದ್ದ ಒಂದು ಬಿದಿರು ಇತ್ತು. ಒಂಬತ್ತಡಿ. ಅದನ್ನ ಕಾರಿನ ಡ್ಯಾಶ್‌ಬೋರ್ಡಿನಿಂದ ಹಿಂದಿನ ಗಾಜಿನವರೆಗೆ ಅಡ್ಡಡ್ಡ ಮಲಗಿಸಿಕೊಂಡು ಬೆಂಗಳೂರಿಗೆ ತಂದೆ. ಸೊಟ್ಟಗಿದ್ದ ಕಡೆ ಗ್ಯಾಸ್ ಒಲೆ ಮೇಲೆ ಕಾಯಿಸಿ, ಮೊಣಕಾಲಿಗೆ ಒತ್ತಿ ನೇರ ಮಾಡಿದೆ. ಗಿಣ್ಣುಗಳನ್ನ ಉಜ್ಜಿ ನುಣುಪು ಮಾಡಿದೆ. ಬಿದಿರಿನ ಸಿಪ್ಪೆ ಮೇಲೆ ಮೇಣದ ಥರ ಒಂದು ಪದರ ಇರತ್ತೆ, ಅದರ ಮೇಲೆ ಬಣ್ಣ ಕೂರಲ್ಲ. 120ರ ಸ್ಯಾಂಡ್‌ಪೇಪರಲ್ಲಿ ಶುರು ಮಾಡಿ 220ರವರೆಗೆ ಉಜ್ಜಿದ್ದಾಯ್ತು. ತುದಿಗೆ ದಾರ ಸುತ್ತಿ, ಬಿಳಿ ಪ್ರೈಮರ್ ಹೊಡೆದು, ಅದರ ಮೇಲೆ ಕಿತ್ತಳೆ ಎನಾಮಲ್. ಲಾರಿ ಹಿಂದೆ 'ಸೌಂಡ್ ಹಾರ್ನ್' ಬರೆಯೋಕೆ ಬಳಸ್ತಾರಲ್ಲ, ಆ ಕಿತ್ತಳೆ. ಕೆಳಗೆ ಬಿಳಿ ಇದ್ದರೆ ಕಿತ್ತಳೆ ಎದ್ದು ಕಾಣತ್ತೆ. ತುದಿಯಿಂದ ಒಂದೂವರೆ ಅಡಿ, ಮಧ್ಯೆ ಎರಡು ಬಿಳಿ ಪಟ್ಟಿ. ನೋಡೋಕೆ ರೈಲ್ವೆ ಗೇಟಿನ ಮರಿ ಇದ್ದಂಗಿತ್ತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಯೂಟ್ಯೂಬಿನಲ್ಲಿ ಅಮೆರಿಕದ ಒಬ್ಬ ಪುಣ್ಯಾತ್ಮ ಮನೆಯಷ್ಟು ದೊಡ್ಡ ಗ್ಯಾರೇಜಲ್ಲಿ ನಿಂತು ಕೋಲಿಗೆ ಗಾಜಿನಂಥ ಕ್ಲಿಯರ್ ಕೋಟ್ ಹಾಕ್ತಿದ್ದ. ನನಗೂ ಅದೇ ಬೇಕಾಯ್ತು. ಬಣ್ಣ ಹೊಡೆದ ಮಾರನೇ ದಿನ ಮುಟ್ಟಿ ನೋಡಿದೆ, ಒಣಗಿತ್ತು. ಅಂಗಡಿಯಿಂದ ಎನ್.ಸಿ. ಲ್ಯಾಕರ್ ತಂದು ಬಳಿದೆ. ಐದು ನಿಮಿಷ ಆಗಿರಲಿಲ್ಲ, ಕಿತ್ತಳೆ ಬಣ್ಣ ಕಾಯಿಸಿದ ಹಾಲಿನ ಕೆನೆ ಥರ ಸುಕ್ಕು ಸುಕ್ಕಾಗಿ ಎದ್ದು ಬಂತು. ಹೆಂಡತಿ ಬಂದು ನೋಡಿ, "ಹಾವಿನ ಪೊರೆ ಥರ ಇದೆ, ಇದೇ ಡಿಸೈನಾ?" ಅಂತ ಕೇಳಿದಳು.

ಕೆಳಗಿನ ಮನೆಯ ಬಾಗಿಲಿಗೆ ಪಾಲಿಶ್ ಮಾಡೋಕೆ ಬಂದಿದ್ದ ಮೇಸ್ತ್ರಿಗೆ ತೋರಿಸಿದೆ. ಅವರು ಉಗುರಲ್ಲಿ ಕೆರೆದು ನೋಡಿ, "ಮೇಲೆ ಒಣಗಿದೆ ಸಾರ್, ಒಳಗೆ ಇನ್ನೂ ಹಸಿ. ಲ್ಯಾಕರಲ್ಲಿರೋ ಥಿನ್ನರ್ ಎನಾಮಲ್ನ ತಿಂದುಹಾಕ್ತದೆ" ಅಂದರು. ಎನಾಮಲ್ ಮೇಲೆ ಎಣ್ಣೆ ಬೇಸಿನ ವಾರ್ನಿಷ್ಷೇ ಹೊಡೀಬೇಕು, ಅದೂ ವಾರ ಬಿಟ್ಟು. ಮೇಲೆ ಒಣಗಿ ಒಳಗೆ ಹಸಿ ಇರೋರ ವಿಷಯ ನನಗೆ ಗೊತ್ತಿಲ್ಲದ್ದೇನಲ್ಲ, ನಮ್ಮ ಮನೆಯಲ್ಲೇ ಇಬ್ಬರಿದ್ದೀವಿ.

ಎಲ್ಲಾ ಕೆರೆದು ಮತ್ತೆ ಮೊದಲಿಂದ. ಈ ಸಲ ಹತ್ತು ದಿನ ಕಾದೆ. ಆಮೇಲೆ ಕೋಪಾಲ್ ವಾರ್ನಿಷ್‌ಗೆ ಸ್ವಲ್ಪ ಟರ್ಪಂಟೈನ್ ಬೆರೆಸಿ, ತೆಳ್ಳಗೆ, ದಿನಕ್ಕೊಂದರಂತೆ ನಾಲ್ಕು ಕೋಟ್. ವಾರ್ನಿಷ್ ಒಂದೇ ಕಡೆ ಇಳಿದು ಕಣ್ಣೀರಿನ ಥರ ನಿಲ್ಲಬಾರದು ಅಂತ ಎರಡು ಕುರ್ಚಿ ಮೇಲೆ ಕೋಲು ಮಲಗಿಸಿ ಹತ್ತು ನಿಮಿಷಕ್ಕೊಮ್ಮೆ ತಿರುಗಿಸೋದು. ಒಂದು ಕೋಟ್ ಪೂರ್ತಿ ಆಫೀಸ್ ಕಾಲ್ ಮ್ಯೂಟ್ ಮಾಡ್ಕೊಂಡೇ ಒಣಗಿಸಿದೆ. ಬಿಳಿ ಪಟ್ಟಿ ತುಸು ಹಳದಿಗೆ ತಿರುಗಿತು, ಇರಲಿ. ಕೊನೆಯ ಕೋಟ್ ಒಣಗಿದಾಗ ಅದರಲ್ಲಿ ಬಾಲ್ಕನಿಯ ಗ್ರಿಲ್ಲು ಕಾಣ್ತಿತ್ತು. ಕಂಪನಿಯಲ್ಲಿ ಹನ್ನೊಂದು ವರ್ಷ ಮಾಡಿದ ಯಾವ ಕೆಲಸದ್ದೂ ನಾನು ಅಷ್ಟೊಂದು ಫೋಟೋ ತೆಗೆದಿಲ್ಲ.

ಊರಿಗೆ ಹೋದ ದಿನ ನಾಲೆಯಲ್ಲಿ ನೀರಿತ್ತು. ಅಪ್ಪ ಕೋಲನ್ನ ಕೈಯಲ್ಲಿ ತೂಗಿ ನೋಡಿದ, ಗಾಳಿಯಲ್ಲಿ ಒಂದು ಸಲ ಬೀಸಿದ. "ತೂಕ ಸರಿಯಾಗೈತೆ" ಅಂದ. ಬಣ್ಣದ ಬಗ್ಗೆ ಏನೂ ಇಲ್ಲ. ಹುಳ ಸಿಕ್ಕಿಸೋಕೆ ಕೊಕ್ಕೆ ನನ್ನ ಕಡೆ ಚಾಚಿದ. ಅದೂ ಮೊದಲನೇ ಸಲ.

ತೂಬಿನ ಪಕ್ಕ ಕೂತೆವು. ಎದುರಿಗೆ ಇಳಿಬಿಸಿಲು. ನಾನು ತುದಿ ನೋಡೋ ಬದಲು ಅಪ್ಪನ ಮುಖ ನೋಡ್ತಾ ಕೂತಿದ್ದೆ. ಅವನು ಕಣ್ಣು ಕಿರಿದು ಮಾಡ್ತಿದ್ದ, ತಲೆ ಆ ಕಡೆ ಈ ಕಡೆ ವಾಲಿಸ್ತಿದ್ದ. ತುದಿ ಎರಡು ಸಲ ಬಾಗಿತು. ನಾನು ಬಾಯಿ ಬಿಡಲಿಲ್ಲ. ಅವನ ಕೈಯೂ ಅಲ್ಲಾಡಲಿಲ್ಲ. ಮೂರನೇ ಸಲ ಎಳೆದಾಗ ಕೊಕ್ಕೆ ಬರಿದಾಗಿತ್ತು.

ಅಪ್ಪ ಕೋಲನ್ನ ತೊಡೆ ಮೇಲೆ ಎಳ್ಕೊಂಡ. ತುದಿ ಮೇಲೆ ಹೆಬ್ಬೆರಳಾಡಿಸಿದ.

"ಏನ್ಲಾ ಹೊಡ್ದಿದೀಯ ಮೇಲೆ? ಬಿಸಿಲಿಗೆ ಮಿಂಚ್ತದೆ. ಕಣ್ಣು ಕುಕ್ತದೆ."

"ವಾರ್ನಿಷ್ಷು ಕಣಪ್ಪ."

"ಬಣ್ಣ ಸರಿಯಾಗೇ ಐತೆ. ಈ ಮಿಂಚು ಬ್ಯಾಡ."

ಬಗ್ಗಿ ನಾಲೆ ಅಂಚಿನಿಂದ ಒಂದು ಹಿಡಿ ಒದ್ದೆ ಮರಳು ತಗೊಂಡ. ಹೆಗಲ ಮೇಲಿನ ಟವಲಿನ ಮೂಲೆಯಲ್ಲಿ ಅದನ್ನ ಹಿಡಿದು ತುದಿಯನ್ನ ಉಜ್ಜೋಕೆ ಶುರು ಮಾಡಿದ. ನನ್ನ ನಾಲ್ಕು ಕೋಟ್! ತಡೆಯೋಕೆ ಕೈ ಎತ್ತಿದವನು ಸುಮ್ಮನಾದೆ. ನಿಧಾನಕ್ಕೆ, ಕೋಲು ತಿರುಗಿಸ್ತಾ ತಿರುಗಿಸ್ತಾ ಉಜ್ಜಿದ. ಹೊಳಪೆಲ್ಲ ಹೋಗಿ ಕಿತ್ತಳೆ ಬಣ್ಣ ಮಂಕಾಯ್ತು, ಪೌಡರ್ ಬಳಿದ ಹಾಗೆ. ನಾಲೆಯಲ್ಲಿ ಅದ್ದಿ ತೊಳೆದು, ನೀರಿನ ಮೇಲೆ ಚಾಚಿ ಹಿಡಿದು ನೋಡಿದ.

"ಈಗ ಕಾಣ್ತದೆ" ಅಂದ. ಸ್ವಲ್ಪ ಹೊತ್ತು ಬಿಟ್ಟು, ನೀರು ನೋಡ್ತಾನೇ, "ಎಡಗಣ್ಣಲ್ಲಿ ಅಷ್ಟಾಗಿ ಕಾಣಲ್ಲ ಕಣ್ಲಾ. ಬಲಗಣ್ಣು ಪರವಾಗಿಲ್ಲ."

ನಾನು ಇನ್ನೊಂದು ಹುಳ ಸಿಕ್ಕಿಸಿ ಕೊಟ್ಟೆ.